ಡಾಕ್ಟ್ರ ಬೈಕಿನ ಜರ್ಕು

ನಮ್ಮ ಗ್ಯಾರೇಜಿಗೆ ಟ್ರೇಲ್ ಬೈಕ್, ಅಂದರೆ ಕಾಡು ಗುಡ್ಡದ ದಾರಿಗೆ ಆಗುವ ಗಾಡಿ, ತರುವವರು ಕೇಳುವುದು ಪಿಕಪ್ಪು, ಇಲ್ಲಾಂದ್ರೆ ಸೌಂಡು. ಪಶು ಡಾಕ್ಟ್ರು ಮಾತ್ರ ಬೇರೆಯದೇ ಕೇಳಿದರು. ‘ತಮಾ, ನಂಗೆ ಸ್ಪೀಡ್ ಬೇಡ. ನಡ್ಕೊಂಡು ಹೋದಷ್ಟು ನಿಧಾನ ಹೋದ್ರೂ ಸಾಕು. ಆದ್ರೆ ಗಾಡಿ ಒದೀಬಾರ್ದು.’

ಶಿರಸಿಯಿಂದ ಸಿದ್ದಾಪುರದ ಕಡೆ ಘಟ್ಟದ ಅಂಚಿನಲ್ಲಿರುವ ಒಂಟಿ ಮನೆಗಳಿಗೆಲ್ಲ ಅವರೇ ಹೋಗಬೇಕು. ಡಾಂಬರು ಮುಗಿದ ಮೇಲೆ ಕೆಮ್ಮಣ್ಣು ರಸ್ತೆ. ಅದು ಮುಗಿದ ಮೇಲೆ ಬೇಲಿಗೆ ಗಳ ಅಡ್ಡ ಇಟ್ಟ ದಣಪೆ. ಆಮೇಲೆ ಒಂದು ಬದಿ ಮಣ್ಣಿನ ದಿಬ್ಬದ ಧರೆ, ಇನ್ನೊಂದು ಬದಿ ಕೆಳಗೆ ಅಡಿಕೆ ತೋಟ, ನಡುವೆ ಕಾಲುದಾರಿ. ಕರು ಹಾಕಲಾರದೆ ಒದ್ದಾಡುವ ಹಸುವನ್ನು ಅಲ್ಲಿಂದ ಆಸ್ಪತ್ರೆಗೆ ತರಲು ಆಗುತ್ತದಾ? ಡಾಕ್ಟ್ರೇ ಹೋಗಬೇಕು. ಗಮ್‌ಬೂಟು, ರೇನ್‌ಕೋಟು, ಹಿಂದಿನ ಕ್ಯಾರಿಯರ್‌ಗೆ ಕಟ್ಟಿದ ಔಷಧಿ ಪೆಟ್ಟಿಗೆ. ಇಂಥ ದಾರಿಯಲ್ಲಿ ಗಾಡಿ ಓಡುವುದೇ ಗಂಟೆಗೆ ಎಂಟು ಹತ್ತು ಕಿಲೋಮೀಟರ್. ಆ ವೇಗದಲ್ಲಿ ಗಾಡಿ ಒಂದು ಸಲ ಜರ್ಕ್ ಹೊಡೆದರೆ ಕಾಲು ಊರಬೇಕು. ಊರಲು ಜಾಗ ಇಲ್ಲದಿದ್ದರೆ ತೋಟಕ್ಕೇ ಇಳಿಯಬೇಕು.

ಗಾಡಿ 200 ಸಿಸಿ ಡ್ಯುಯಲ್ ಸ್ಪೋರ್ಟ್, ಡಾಂಬರಿಗೂ ಕಚ್ಚಾ ದಾರಿಗೂ ಆಗುವಂಥದ್ದು. ಮುಂದೆ 21 ಇಂಚು, ಹಿಂದೆ 18 ಇಂಚಿನ ಸ್ಪೋಕ್ ವೀಲು, ಟ್ಯೂಬ್ ಟೈರು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ಮೊದಲಿನ ಓನರ್ ಎಲ್ಲೋ ಜೋರು ಸದ್ದಿನ ಫ್ರೀ ಫ್ಲೋ ಸೈಲೆನ್ಸರ್ ಹಾಕಿಸಿ, ಸೀಟಿನ ಅಡಿಗೆ ಇಂಜಿನ್‌ಗೆ ಹೋಗುವ ಪೆಟ್ರೋಲ್ ಲೆಕ್ಕ ಬದಲಾಯಿಸುವ ಒಂದು ಪಿಗ್ಗಿಬ್ಯಾಕ್ ಬಾಕ್ಸ್ ಕೂರಿಸಿದ್ದ. ಡಾಕ್ಟ್ರು ಕೊಟ್ಟಿಗೆ ಹತ್ತಿರ ಬಂದರೆ ದನ ಹಗ್ಗ ಕಿತ್ತುಕೊಳ್ಳುತ್ತಿದ್ದವಂತೆ. ಹಾಗಾಗಿ ಮೊದಲ ಕೆಲಸ ಅವೆರಡನ್ನೂ ಬಿಚ್ಚಿ ಕಂಪನಿ ಸೈಲೆನ್ಸರ್ ಹಾಕಿದ್ದು. ಅದು ಸೌಂಡಿಗಾಗಿ ಮಾತ್ರ ಅಲ್ಲ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಕಂಪನಿಯ ಮೂಲ ಸ್ಪೆಸಿಫಿಕೇಶನ್‌ಗೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಮೀಟಿಂಗ್ ಅಂತ ಕಾರವಾರಕ್ಕೆ ಹೋಗಿ ಬರುವವರು ದಾರಿಯಲ್ಲಿ ದಂಡ ಕಟ್ಟುತ್ತಾ ಕೂರಬೇಕಾ? ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟ್ ಯಾವುದನ್ನೂ ಬಿಚ್ಚಲಿಲ್ಲ. ಇಂಜಿನ್, ಚಾಸಿಸ್, ಸೈಲೆನ್ಸರ್ ಮುಟ್ಟುವುದಿಲ್ಲ ಅನ್ನುವುದು ನಾನು ಎಳೆದುಕೊಂಡ ಗೆರೆ.

ಡಾಕ್ಟ್ರು ಯಾರ ಹತ್ತಿರವೋ ಕೇಳಿಕೊಂಡು ಬಂದಿದ್ದರು, ಮುಂದಿನ ಸ್ಪ್ರಾಕೆಟ್ (ಚೈನ್ ಸುತ್ತುವ ಹಲ್ಲುಚಕ್ರ) 12 ಹಲ್ಲಿನದು ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ. ಗಾಡಿಯಲ್ಲಿ ಇದ್ದಿದ್ದು ಮುಂದೆ 13, ಹಿಂದೆ 40. ಮುಂದೆ ಒಂದು ಹಲ್ಲು ಕಡಿಮೆ ಮಾಡುವುದೂ ಹಿಂದೆ ಮೂರು ಹಲ್ಲು ಜಾಸ್ತಿ ಮಾಡುವುದೂ ಹೆಚ್ಚು ಕಡಿಮೆ ಒಂದೇ. ಮುಂದಿನದು ಅಗ್ಗ, ಬೇಗ ಆಗುವ ಕೆಲಸ. ಫಸ್ಟ್ ಗೇರಲ್ಲಿ ಕ್ಲಚ್ ಹಿಡಿಯದೆ ಮೊದಲಿಗಿಂತ ನಿಧಾನಕ್ಕೆ ಹೋಗಬಹುದು, ಅದು ನಿಜ. ರಸ್ತೆಯಲ್ಲಿ ಅದೇ ವೇಗಕ್ಕೆ ಇಂಜಿನ್ ಶೇಕಡಾ 8ರಷ್ಟು ಜಾಸ್ತಿ ತಿರುಗುತ್ತದೆ, ಅಂದರೆ 5000 ಆರ್‌ಪಿಎಂ ಇದ್ದ ಕಡೆ 5400. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗ ಸ್ವಲ್ಪ ಕಿರಿಚಿಕೊಂಡ ಹಾಗೆ ಅನ್ನಿಸುತ್ತದೆ, ಅಷ್ಟೇ.

12 ಹಾಕಿ, ಚೈನ್ ಟೈಟ್ ಮಾಡಿ, ಗ್ಯಾರೇಜಿನ ಎದುರು ಒಂದು ರೌಂಡ್ ಹೊಡೆದೆವು. ಡಾಂಬರ್ ಮೇಲೆ ಚೆನ್ನಾಗೇ ಇತ್ತು. ನಮ್ಮ ಯಜಮಾನರು ಬಿಲ್ ಹಾಕಿ ಕಳಿಸು ಅಂದರು. ನನಗೆ ಮನಸ್ಸಾಗಲಿಲ್ಲ. ಡಾಕ್ಟ್ರು ಓಡಿಸುವ ದಾರಿಯಲ್ಲಿ ನೋಡದೆ ಕೊಡುವುದು ಬೇಡ ಅಂತ ಅವರ ಜೊತೆಗೇ ಹೊರಟೆ. ಜಾಬ್ ಕಾರ್ಡಿನಲ್ಲಿ ಟೆಸ್ಟ್ ರೈಡಿಗೆ ಒಂದು ಸಾಲೂ ಇಲ್ಲ. ಹತ್ತು ನಿಮಿಷಕ್ಕಿಂತ ಜಾಸ್ತಿ ಹೊರಗಿದ್ದರೆ ಆ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮಳೆ ಬಿಟ್ಟಿತ್ತು. ದಣಪೆ ದಾಟಿದ ಮೇಲೆ ನಾನು ಇಳಿದು ಹಿಂದೆ ನಡೆದೆ. ಸಂಕ (ಹಳ್ಳದ ಕಿರುಸೇತುವೆ) ದಾಟಿ ದಾರಿ ಎಡಕ್ಕೆ ತಿರುಗಿ ಏರುತ್ತದೆ. ಅಲ್ಲಿ ಚಿರೆಕಲ್ಲಿನ ಹಾಸು, ಅದರ ಮೇಲೆ ಹಾವಸೆ. ಡಾಕ್ಟ್ರು ಎಕ್ಸಲೇಟರ್ ಸ್ವಲ್ಪ ಕೊಟ್ಟರು. ಗಾಡಿ ಒದ್ದು ಮುಂದೆ ಹೋಯಿತು. ಗಾಬರಿಯಾಗಿ ಬಿಟ್ಟರು. ಮೂಗು ಕುಕ್ಕಿತು. ಮತ್ತೆ ಕೊಟ್ಟರು, ಮೊದಲಿಗಿಂತ ಜೋರಾಗಿ ಒದೆಯಿತು. ಮೂರನೇ ಒದೆತಕ್ಕೆ ಇಂಜಿನ್ ಆಫ್. ಏರಿನ ಅರ್ಧದಲ್ಲಿ ಗಾಡಿ ನಿಂತಿತು. ಬಲಗಾಲು ಇಡಲು ನೆಲ ಇಲ್ಲ, ಅದು ತೋಟದ ಬದಿ. ಮುಂದಿನ ಬ್ರೇಕ್ ಹಿಡಿದಿದ್ದರು, ಆದರೆ ಮುಂದಿನ ಟೈರೇ ಹಾವಸೆಯ ಮೇಲೆ ಬೆರಳಷ್ಟು ಬೆರಳಷ್ಟೇ ಹಿಂದೆ ಜಾರುತ್ತಿತ್ತು.

ಓಡಿ ಹೋಗಿ ಕ್ಯಾರಿಯರ್ ಹಿಡಿದೆ. ‘ಡಾಕ್ಟ್ರೇ, ಕ್ಲಚ್ ಬಿಡಿ, ಗೇರಲ್ಲೇ ಇರಲಿ.’ ಬಿಟ್ಟರು. ಗಾಡಿ ಹಿಂದಕ್ಕೆ ಬಂತು, ಟಕ್ ಅಂತ ನಿಂತಿತು. ಹೆಗಲು ಕೊಟ್ಟು ಮುಂದೆ ತಳ್ಳಿದೆ, ಮತ್ತೆ ಟಕ್. ಬಿಟ್ಟರೆ ಹಿಂದಕ್ಕೆ, ಟಕ್. ನನ್ನ ಮುಖ ಹಿಂದಿನ ಚಕ್ರದ ಮಟ್ಟಕ್ಕೇ ಇತ್ತು. ಪೆಟ್ಟಿಗೆಯೊಳಗೆ ಬಾಟಲಿಗಳ ಸದ್ದು, ಡಾಕ್ಟ್ರ ಉಸಿರಾಟದ ಸದ್ದು. ‘ಹಿಡ್ಕೊಂಡ್ಯನ? ಬಿಡಬೇಡ ಮಾರಾಯ’ ಅನ್ನುತ್ತಲೇ ಇದ್ದರು. ಹಿಡಿದುಕೊಂಡೇ ನೋಡಿದೆ. ಚೈನ್ ಬಿಗಿಯಾಗಿದೆ. ಸ್ಪ್ರಾಕೆಟ್ ಅಲ್ಲಾಡುತ್ತಿಲ್ಲ. ಆದರೆ ಸ್ಪೋಕ್‌ಗಳು ಸ್ಪ್ರಾಕೆಟ್ ಬಿಟ್ಟು ಹಿಂದೆ ಮುಂದೆ ಆಡುತ್ತಿವೆ. ಟೈರಿನ ಅಂಚಿನಲ್ಲಿ ಎರಡು ಬೆರಳಗಲ ಆಟ.

ಹಬ್ ರಬ್ಬರ್!

ಆ ಕ್ಷಣದಲ್ಲಿ ಅದನ್ನು ಹೇಳಿ ಪ್ರಯೋಜನ ಇರಲಿಲ್ಲ. ಪೆಟ್ಟಿಗೆ ಬಿಚ್ಚಿ ಧರೆ ಮೇಲಿಟ್ಟು, ಡಾಕ್ಟ್ರನ್ನು ಎಡಕ್ಕೆ ಇಳಿಸಿ, ಕ್ಲಚ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಗಾಡಿಯನ್ನು ಅಂಗುಲ ಅಂಗುಲವಾಗಿ ಸಂಕದವರೆಗೆ ಇಳಿಸಿದೆವು. ಆ ಹೊತ್ತಿಗೆ ಇಬ್ಬರ ಕಾಲಿಗೂ ಉಂಬಳ (ಜಿಗಣೆ) ಹತ್ತಿದ್ದವು. ನನಗೆ ಆಗಿನಿಂದ ಉಳಿದ ಸಿಟ್ಟು ಒಂದೇ. ಬಿಲ್ ಹಾಕಿ ಕಳಿಸಿದ್ದರೆ ಡಾಕ್ಟ್ರು ಆ ಏರಿನಲ್ಲಿ ಒಬ್ಬರೇ ಇರುತ್ತಿದ್ದರು.

ಆಗಿದ್ದು ಇಷ್ಟು. ಸ್ಪ್ರಾಕೆಟ್ ಕೂರುವ ಕ್ಯಾರಿಯರ್‌ಗೂ ಚಕ್ರದ ಹಬ್ಬಿಗೂ ನಡುವೆ ರಬ್ಬರ್ ತುಂಡುಗಳಿರುತ್ತವೆ. ಇಂಜಿನ್ ಒದೆತವನ್ನು ಅವು ನುಂಗಿಕೊಂಡು ಚಕ್ರಕ್ಕೆ ಮೆತ್ತಗೆ ಕೊಡಬೇಕು. ರಬ್ಬರ್ ಸವೆದರೆ ನಡುವೆ ಖಾಲಿ ಜಾಗ. ಎಕ್ಸಲೇಟರ್ ಕೊಟ್ಟಾಗ ಇಂಜಿನ್ ಆ ಖಾಲಿ ಜಾಗವನ್ನು ಓಡಿ ದಾಟಿ ಹಬ್ಬಿಗೆ ಗುದ್ದುತ್ತದೆ. ಬಿಟ್ಟಾಗ ಇನ್ನೊಂದು ಬದಿಗೆ ಗುದ್ದುತ್ತದೆ. ಗುದ್ದಿಗೆ ಕೈ ಅಲ್ಲಾಡಿ ಎಕ್ಸಲೇಟರ್ ತಾನೇ ತಿರುಗುತ್ತದೆ, ಮತ್ತೆ ಗುದ್ದು. 12 ಹಲ್ಲು ಹಾಕಿದ ಮೇಲೆ ಇಂಜಿನ್ ಎಳೆತವೂ ಇಂಜಿನ್ ಬ್ರೇಕೂ ಎರಡೂ ಜಾಸ್ತಿಯಾದವು. ಅದಕ್ಕೇ ಒದೆತವೂ ಜೋರಾಯಿತು. ಸ್ಪ್ರಾಕೆಟ್ ತಪ್ಪಲ್ಲ. ಸಡಿಲ ತೆಗೆಯುವ ಮೊದಲೇ ಅದನ್ನು ಹಾಕಿದ್ದು ಸರಿಯಲ್ಲ. ಗಾಡಿ ನುಣ್ಣಗೆ ಹೋಗಬೇಕಾದರೆ ಮೊದಲು ಕೈಯಿಂದ ಹಿಡಿದು ಟೈರಿನವರೆಗೆ ಎಲ್ಲೆಲ್ಲಿ ಆಟ ಇದೆ ಅಂತ ಹುಡುಕಬೇಕು. ಹೊಸ ಸಾಮಾನು ಹಾಕುವುದೆಲ್ಲ ಆಮೇಲೆ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ಏರಿಸಿ ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿದರೆ ಇದು ಕಾಣುವುದಿಲ್ಲ. ಗೇರ್ ಹಾಕಿ, ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಅಲುಗಿಸಬೇಕು. ಕಣ್ಣು ಸ್ಪ್ರಾಕೆಟ್ ಮೇಲಿರಬೇಕು. ಚಕ್ರ ಬಿಚ್ಚಿದಾಗ ಸ್ಪ್ರಾಕೆಟ್ ಕೂರುವ ಕ್ಯಾರಿಯರ್ ಬಿಗಿಯಾಗಿದ್ದು, ಅಲ್ಲಾಡಿಸಿ ಎಳೆದು ತೆಗೆಯುವಂತಿರಬೇಕು. ಡಾಕ್ಟ್ರ ಗಾಡಿಯದು ಕೈಗೇ ಕಳಚಿ ಬಂತು. ರಬ್ಬರ್‌ಗಳು ಒಂದು ಬದಿಗೆ ಚಪ್ಪಟೆಯಾಗಿ, ಹೊಳಪು ಬಂದು, ಹಬ್ಬಿನೊಳಗೆಲ್ಲ ಕಪ್ಪು ಪುಡಿ, ಕೆಮ್ಮಣ್ಣು. ಹಳ್ಳ ದಾಟುವ ಗಾಡಿಗಳಲ್ಲಿ ಆ ಮಣ್ಣೇ ಅರದ ಹಾಗೆ ರಬ್ಬರ್ ತಿನ್ನುತ್ತದೆ.

ನಮ್ಮ ಸ್ಟಾಕಿನಲ್ಲಿ ಎಲ್‌ಇಡಿ ಲೈಟ್ ಇತ್ತು, ಬಣ್ಣ ಬಣ್ಣದ ಲಿವರ್ ಇತ್ತು, ಹಬ್ ರಬ್ಬರ್ ಇರಲಿಲ್ಲ. ಹಳೇ ಟ್ಯೂಬ್ ಕತ್ತರಿಸಿ ಸಂದಿಗೆ ತುಂಬಿ ಕಳಿಸು ಅಂದರು ಯಜಮಾನರು. ಊರಲ್ಲಿ ಎಲ್ಲರೂ ಮಾಡುವ ಕೆಲಸವೇ ಅದು. ಪೇಟೆಯೊಳಗೆ ಓಡುವ ಗಾಡಿಗಾದರೆ ಕೆಲವು ದಿನ ನಡೆಯುತ್ತದೆ. ಧರೆ ಅಂಚಿನಲ್ಲಿ ಓಡುವ ಗಾಡಿಗೆ ನಾನು ಹಾಗೆ ಮಾಡುವುದಿಲ್ಲ ಅಂತ ಹೇಳಿದೆ. ಮಾತು ಸ್ವಲ್ಪ ಜೋರಾಯಿತು. ಕೊನೆಗೆ ಹುಬ್ಬಳ್ಳಿಯಿಂದ ಬಸ್ ಪಾರ್ಸೆಲ್‌ನಲ್ಲಿ ತರಿಸಿದೆವು.

ರಬ್ಬರ್ ಬರುವವರೆಗೆ ಉಳಿದ ಸಡಿಲಗಳನ್ನು ಹಿಡಿದೆ. ಎಕ್ಸಲೇಟರ್ ಕೇಬಲ್‌ನ ಆಟ ಸಿಕ್ಕಾಪಟ್ಟೆ ಇತ್ತು, ಹಿಡಿಕೆಯ ಅಂಚಿನಲ್ಲಿ ಎರಡು ಮೂರು ಮಿಲಿಮೀಟರ್‌ಗೆ ತಂದೆ. ಪೂರ್ತಿ ತೆಗೆಯಬಾರದು. ಇಂಜಿನ್ ಸ್ಟಾರ್ಟ್ ಇಟ್ಟು ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಬೇಕು, ಆರ್‌ಪಿಎಂ ಏರಬಾರದು. ತಿರುವಿನಲ್ಲಿ ಗಾಡಿ ತಾನಾಗಿ ಎಳೆದರೆ ಕಥೆ ಮುಗಿದಂತೆಯೇ ಅಲ್ವಾ?

ಚೈನಿನ ವಿಷಯ. ಸಡಿಲ ತೆಗೆಯಬೇಕು ಅಂತ ತಂತಿಯ ಹಾಗೆ ಬಿಗಿದರೆ ಅದೂ ಕೆಟ್ಟದ್ದೇ. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ತಿರುಗುವ ಪಿವಟ್, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಎಲ್ಲಕ್ಕಿಂತ ಬಿಗಿಯಾಗಿರುತ್ತದೆ. ಗಾಡಿ ಮೇಲೆ ಭಾರ ಕೂರಿಸಿ ಆ ಮಟ್ಟಕ್ಕೆ ತಂದು, ಅಲ್ಲೂ ಸ್ವಲ್ಪ ಆಟ ಉಳಿಯುವ ಹಾಗೆ ಇಡಬೇಕು. ಚಕ್ರ ತಿರುಗಿಸುತ್ತಾ ನಾಲ್ಕು ಕಡೆ ನೋಡಬೇಕು, ಚೈನ್ ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. 12 ಹಲ್ಲು ಹಾಕಿದರೆ ಆಕ್ಸಲ್ ಮೂರ್ನಾಲ್ಕು ಮಿಲಿಮೀಟರ್ ಹಿಂದೆ ಸರಿಯುತ್ತದೆ. ಚೈನ್ ಸ್ವಿಂಗ್‌ಆರ್ಮ್‌ಗೆ ಹತ್ತಿರ ಬರುವುದರಿಂದ, ಅದಕ್ಕೆ ಚೈನ್ ಉಜ್ಜದಂತೆ ಕಾಯುವ ಸ್ಲೈಡರ್ ಬೇಗ ಸವೆಯುತ್ತದೆ, ಸರ್ವಿಸಿಗೆ ಬಂದಾಗೆಲ್ಲ ಅದನ್ನು ನೋಡಬೇಕು.

ಎಲ್ಲಕ್ಕಿಂತ ಹೆಚ್ಚು ಫರಕ್ ಕೊಟ್ಟಿದ್ದು ಗಮ್‌ಬೂಟು. ನಿಧಾನಕ್ಕೆ ಹೋಗುವಾಗ ಎಕ್ಸಲೇಟರ್ ಪೂರ್ತಿ ಬಿಡದೆ, ಹಿಂದಿನ ಬ್ರೇಕನ್ನು ತುಸು ಒತ್ತಿ ಹಿಡಿದು ಓಡಿಸಿದರೆ ಚೈನ್ ಸದಾ ಒಂದೇ ಕಡೆಗೆ ಬಿಗಿಯಾಗಿರುತ್ತದೆ, ಜರ್ಕ್ ಬರುವುದಿಲ್ಲ. ಡಾಕ್ಟ್ರಿಗೆ ಇದು ಗೊತ್ತಿತ್ತು, ಆದರೆ ಮಾಡಲು ಆಗುತ್ತಿರಲಿಲ್ಲ. ಯಾಕೆ ಅಂದರೆ ಪೆಡಲ್ ಸೆಟ್ಟಿಂಗ್ ಶೂಗೆ ಸರಿಯಾಗಿತ್ತು. ಗಮ್‌ಬೂಟಿನ ಮೂತಿ ದಪ್ಪ, ಪಾದ ಮೊಣಕಾಲ ಕಡೆಗೆ ಮಡಚುವುದಿಲ್ಲ. ಒಂದೋ ಬ್ರೇಕ್ ಹಿಡಿಯುತ್ತಿರಲಿಲ್ಲ, ಇಲ್ಲಾ ಪೂರ್ತಿ ಹಿಡಿದು ಚಕ್ರ ಲಾಕ್. ಅವರನ್ನು ಬೂಟು ಹಾಕಿಸಿ, ಫುಟ್‌ಪೆಗ್ ಮೇಲೆ ನಿಲ್ಲಿಸಿ, ಕಾಲು ಸಹಜವಾಗಿ ಎಲ್ಲಿ ಕೂರುತ್ತದೋ ಅಲ್ಲಿಗೆ ಪೆಡಲ್ ಇಳಿಸಿದೆ. ಬ್ರೇಕ್ ಲೈಟ್ ಸ್ವಿಚ್ಚನ್ನೂ ಅದಕ್ಕೆ ತಕ್ಕ ಹಾಗೆ ಸರಿಸಿದೆ. ಗೇರ್ ಲಿವರ್ ಒಂದು ಹಲ್ಲು ಮೇಲೆ. ಕ್ಲಚ್ ಕೇಬಲ್‌ಗೆ ಎಣ್ಣೆ ಬಿಟ್ಟು, ನಿಂತಾಗ ಮಣಿಕಟ್ಟು ನೇರ ಇರುವ ಹಾಗೆ ಲಿವರ್ ಕೆಳಗೆ ತಿರುಗಿಸಿದೆ. ಈಗ ಎರಡು ಬೆರಳಲ್ಲಿ ಎಳೆಯುತ್ತಾರೆ.

ಹಿಂದಿನ ಶಾಕ್‌ನ ಪ್ರಿಲೋಡನ್ನು, ಅಂದರೆ ಸ್ಪ್ರಿಂಗಿನ ಬಿಗಿಯನ್ನು, ಪೆಟ್ಟಿಗೆ ಕಟ್ಟಿ, ಡಾಕ್ಟ್ರನ್ನು ಕೂರಿಸಿಯೇ ಇಟ್ಟೆ. ಒಟ್ಟು ಟ್ರಾವೆಲ್‌ನ (ಮೇಲೆ ಕೆಳಗೆ ಆಡುವ ದೂರದ) ಮೂರನೇ ಒಂದು ಭಾಗ ಕುಗ್ಗಬೇಕು. ಗಾಳಿ 20 ಪಿಎಸ್‌ಐಗಿಂತ ಕೆಳಗೆ ಬೇಡ ಅಂತ ಹೇಳಿದೆ. ಹುಡುಗರು 12, 14ಕ್ಕೆ ಇಳಿಸುತ್ತಾರೆ. ಟೈರನ್ನು ರಿಮ್ಮಿಗೆ ಕಚ್ಚಿ ಹಿಡಿಯುವ ರಿಮ್ ಲಾಕ್ ಇಲ್ಲದೆ ಹಾಗೆ ಮಾಡಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಕೊಳ್ಳುತ್ತದೆ. ಕಲ್ಲಿನ ಅಂಚಿಗೆ ಬಡಿದು ಟ್ಯೂಬ್ ಕಚ್ಚುವುದು ಬೇರೆ. ರಾತ್ರಿ ಆ ಗುಡ್ಡದಲ್ಲಿ ಪಂಚರ್ ಹಾಕುವವರು ಯಾರು?

ರಬ್ಬರ್ ಹಾಕಿದ ಮೇಲೆ ಅದೇ ಏರಿಗೆ ಹೋದೆವು. ನಾನು ಹಿಂದೆ ನಡೆಯುತ್ತಲೇ ಇದ್ದೆ, ಕೈ ಕ್ಯಾರಿಯರ್ ಹತ್ತಿರವೇ ಇತ್ತು. ಡಾಕ್ಟ್ರು ಫಸ್ಟ್ ಗೇರಲ್ಲಿ ಬ್ರೇಕ್ ತುಸು ಒತ್ತಿಕೊಂಡು, ಒಂದೇ ಸಮ ಹತ್ತಿಸಿಕೊಂಡು ಹೋದರು. ಮೇಲೆ ಹೋಗಿ ನಿಲ್ಲಿಸಿ, ‘ಇದೇ ಬೇಕಾಗಿತ್ತು ನೋಡು ತಮಾ’ ಅಂದರು.

ಜರ್ಕು ಪೂರ್ತಿ ಹೋಗಿಲ್ಲ. ಬಿಎಸ್‌6 ಗಾಡಿ, ಎಕ್ಸಲೇಟರ್ ಪೂರ್ತಿ ಬಿಟ್ಟರೆ ಇಂಜೆಕ್ಷನ್ ಪೆಟ್ರೋಲ್ ಕಟ್ ಮಾಡುತ್ತದೆ, ಮತ್ತೆ ಕೊಟ್ಟಾಗ ಸಣ್ಣ ಒದೆತ ಇದ್ದೇ ಇರುತ್ತದೆ. ಇಳಿಜಾರಿನಲ್ಲಿ ಅವರಿಗೆ ಈಗಲೂ ಗೊತ್ತಾಗುತ್ತದಂತೆ. ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಮುಟ್ಟದೆ ಅದಕ್ಕೆ ನನ್ನ ಹತ್ತಿರ ಬೇರೆ ದಾರಿಯಿಲ್ಲ, ಮುಟ್ಟುವ ಮನಸ್ಸೂ ಇಲ್ಲ. ಜಾಬ್ ಕಾರ್ಡಿನಲ್ಲಿ ಟ್ರೇಲ್ ಗಾಡಿಗಳಿಗೆ ‘ಹಬ್ ರಬ್ಬರ್ ಚೆಕ್’ ಅಂತ ಒಂದು ಸಾಲು ಸೇರಿಸಿ ಅಂತ ಕೇಳಿದ್ದೇನೆ. ಇನ್ನೂ ಸೇರಿಸಿಲ್ಲ. ಸದ್ಯಕ್ಕೆ ನಾನೇ ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದೇನೆ.