ಆಸ್ಪತ್ರೆಯಲ್ಲಿ ಕೆಲಸ

12 ಮಾರ್ಚ್ 2025, ಬುಧವಾರ. ರಾತ್ರಿ ಹತ್ತೂವರೆ.

"ಮಗಳು ಏನ್ ಮಾಡ್ತಿದ್ದಾಳೆ?" ಎಂದು ಯಾರಾದರೂ ಕೇಳಿದರೆ ಅಮ್ಮ "ಆಸ್ಪತ್ರೆಯಲ್ಲಿ ಕೆಲಸ" ಅನ್ನುತ್ತಾಳೆ. "ಲ್ಯಾಬಲ್ಲಾ?" ಅಂತ ಕೇಳಿದವರೇ ಮುಂದಿನ ಮಾತು ಸೇರಿಸುತ್ತಾರೆ. ಎಂಎಸ್ಸಿ ಮೈಕ್ರೋಬಯಾಲಜಿ ಓದಿದವಳು ಆಸ್ಪತ್ರೆಯಲ್ಲಿದ್ದಾಳೆ ಅಂದರೆ ಇನ್ನೆಲ್ಲಿರಬೇಕು? ಅಮ್ಮ ಹೌದು ಅನ್ನುವುದಿಲ್ಲ, ಅಲ್ಲ ಅನ್ನುವುದೂ ಇಲ್ಲ. ಮಾತು ಬೇರೆ ಕಡೆಗೆ ಹೋಗುತ್ತದೆ.

ನಾನು ಇರುವುದು ಹೌಸ್‌ಕೀಪಿಂಗ್‌ನಲ್ಲಿ. ಸೇರಿ ಐದು ತಿಂಗಳಾಯಿತು. ಈ ಡೈರಿಯಲ್ಲೂ ಇಷ್ಟು ದಿನ "ಡ್ಯೂಟಿ ಮುಗಿಸಿ ಬಂದೆ", "ಶಿಫ್ಟ್ ಬದಲಾಯಿತು" ಅಂತಲೇ ಬರೆದಿದ್ದೇನೆ. ಯಾವ ಡ್ಯೂಟಿ ಅಂತ ಒಮ್ಮೆಯೂ ಬರೆದಿಲ್ಲ. ಅಮ್ಮ ಮಾಡುವುದನ್ನೇ ನಾನೂ ಮಾಡಿದೆ. ಇವತ್ತು ಆದದ್ದನ್ನು ಬರೆಯಬೇಕಾದರೆ ಅದನ್ನು ಹೇಳದೆ ವಿಧಿಯಿಲ್ಲ.

ಬೆಳಗ್ಗೆ ಮೂರನೇ ಮಹಡಿಯಲ್ಲಿ ಒಂದು ಬೆಡ್ ಡಿಸ್‌ಚಾರ್ಜ್ ಆಗಿತ್ತು. ಮುಂದಿನ ರೋಗಿ ಕೆಳಗೆ ಕಾಯುತ್ತಿದ್ದರು. ಅಕ್ಕ ಮತ್ತು ನಾನು ಮಂಚಕ್ಕೆ ಕೈ ಹಾಕಿದ್ದೆವು. ಅಕ್ಕ ಅಂದರೆ ನನಗೆ ಕೆಲಸ ಕಲಿಸಿದವರು. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾರೆ, ನರ್ಸುಗಳಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರಿಗೂ ಅಕ್ಕನೇ. ನಾನು ಮಂಚದ ಕಂಬಿ ಒರೆಸುತ್ತಿದ್ದಾಗ ಕಾರಿಡಾರಿನಲ್ಲಿ ಒಂದು ನಗು ಕೇಳಿಸಿತು. ಎರಡು ವರ್ಷ ಪಕ್ಕದಲ್ಲೇ ಕೂತು, ಒಂದೇ ಮೈಕ್ರೋಸ್ಕೋಪಿನಲ್ಲಿ ಸರದಿಯ ಮೇಲೆ ಕಣ್ಣಿಟ್ಟ ಗೆಳತಿಯ ನಗು. ಮುಖ ನೋಡುವ ಅಗತ್ಯವೇ ಇರಲಿಲ್ಲ. ನಾನು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು, ಅರ್ಧ ಒರೆಸಿದ ಕಂಬಿ ಬಿಟ್ಟು, ಕಿಟಕಿಯ ಕಡೆ ತಿರುಗಿ ಆಗಲೇ ಶುಚಿಯಾಗಿದ್ದ ಗಾಜನ್ನು ಉಜ್ಜತೊಡಗಿದೆ.

ಅವಳು ಪಕ್ಕದ ಬೆಡ್ಡಿನವರನ್ನು ನೋಡಲು ಬಂದಿದ್ದಳು. ಬಕೆಟ್ ದಾಟುವಾಗ ನನ್ನ ಬೆನ್ನಿಗೆ "ಸ್ವಲ್ಪ ದಾರಿ ಬಿಡ್ತೀರಾ ಪ್ಲೀಸ್" ಅಂದಳು. ಮರ್ಯಾದೆಯಿಂದಲೇ ಅಂದಳು. ನಾನು ತಿರುಗದೆ ಪಕ್ಕಕ್ಕೆ ಸರಿದೆ. ಹತ್ತು ನಿಮಿಷ ಇದ್ದು ಹೋದಳು. ಅಷ್ಟೂ ಹೊತ್ತು ಅದೇ ಗಾಜು.

ಕಂಬಿಯನ್ನು ಅಕ್ಕ ಮುಗಿಸಿದರು.

ಊಟದ ಹೊತ್ತಿನಲ್ಲಿ ಕೇಳಿದರು, "ಗೊತ್ತಿರೋರಾ?"

"ಹ್ಞೂಂ ಅಕ್ಕ. ಜೊತೇಲಿ ಓದಿದ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಜೊತೆ ನೋಡಿಬಿಡ್ತಾಳೆ ಅಂತಾನಾ?" ಅಂದರು.

ಅಲ್ಲ ಅಕ್ಕ, ಹಾಗಲ್ಲ, ಅಂದೆ. ಹಾಗಲ್ಲದಿದ್ದರೆ ಮತ್ತೆ ಹೇಗೆ ಅಂತ ಹೇಳಲು ಬರಲಿಲ್ಲ. ಆಗಿನಿಂದ ಈಗಿನವರೆಗೆ ಅದೇ ತಲೆಯಲ್ಲಿದೆ.

ಸೇರಿದ ಮೊದಲ ದಿನ ಅಕ್ಕನ ಮುಂದೆ ನಾನಾಡಿದ ಮೊದಲ ಮಾತು ನೆನಪಾಯಿತು. "ನಾನು ಎಂಎಸ್ಸಿ ಮಾಡಿದೀನಿ, ಸದ್ಯಕ್ಕೆ ಇಲ್ಲಿ." ಹೆಸರಿಗಿಂತ ಮೊದಲು ಅದನ್ನೇ ಹೇಳಿದ್ದೆ. ಅವರು "ಆಗ್ಲಿ ಕಣಮ್ಮ" ಅಂದು ಕೈಗೆ ಬಟ್ಟೆ ಕೊಟ್ಟಿದ್ದರು. ನನಗೆ ಆ "ಸದ್ಯಕ್ಕೆ" ಒಂದು ಆಸರೆ. ಅದಿಲ್ಲದಿದ್ದರೆ ಬೆಳಗ್ಗೆ ಏಳಲು ಆಗುತ್ತಿರಲಿಲ್ಲ. ಆದರೆ ಹನ್ನೊಂದು ವರ್ಷ ಇದನ್ನೇ ಮಾಡಿದವರ ಎದುರು ಆ ಮಾತು ಆಡಿದರೆ ಅವರ ಕಿವಿಗೆ ಹೇಗೆ ಬೀಳುತ್ತದೆ ಅಂತ ಯೋಚಿಸಿರಲಿಲ್ಲ. ನಾನು ಇರಬಾರದ ಜಾಗ ಇದು, ನೀವು ಇರಬಹುದಾದ ಜಾಗ. ಅದರ ಅರ್ಥ ಅಷ್ಟೇ ತಾನೆ?

ಕೆಲಸದ ಬಗ್ಗೆಯೂ ಬರೆಯುತ್ತೇನೆ, ಯಾಕೆಂದರೆ ಇದನ್ನು ಯಾರೂ ಹತ್ತಿರದಿಂದ ನೋಡಿರುವುದಿಲ್ಲ. ಬಟ್ಟೆಯನ್ನು ಎರಡು ಸಲ ಮಡಚಬೇಕು. ಆಗ ಒಳಗೂ ಹೊರಗೂ ಸೇರಿ ಎಂಟು ಮುಖ ಸಿಗುತ್ತವೆ. ಒಂದೊಂದು ಜಾಗಕ್ಕೆ ಒಂದೊಂದು ಮುಖ, ಎಂಟೂ ಮುಗಿದ ಮೇಲೆ ಆ ಬಟ್ಟೆ ಮತ್ತೆ ಮುಟ್ಟುವ ಹಾಗಿಲ್ಲ. ಮೇಲಿನಿಂದ ಕೆಳಕ್ಕೆ, ಶುಚಿಯಾದ ಕಡೆಯಿಂದ ಕೊಳೆಯ ಕಡೆಗೆ. ಕೈ ಹೆಚ್ಚು ತಾಗುವ ಕಡೆ ಹೆಚ್ಚು ಗಮನ: ಮಂಚದ ಕಂಬಿ, ಕರೆಗಂಟೆಯ ಗುಂಡಿ, ಲೈಟ್ ಸ್ವಿಚ್, ಬಾಗಿಲಿನ ಹಿಡಿ. ನೆಲ ಒರೆಸುವಾಗ ಮೂಲೆಯಿಂದ ಬಾಗಿಲಿನ ಕಡೆಗೆ ಹಿಂದೆ ಹಿಂದೆ ಸರಿಯುತ್ತಾ, ಮಾಪನ್ನು 8 ಬರೆದ ಹಾಗೆ ಆಡಿಸಬೇಕು. ರಕ್ತ ಚೆಲ್ಲಿದ್ದರೆ 1% ಹೈಪೋಕ್ಲೋರೈಟ್ (ಕ್ಲೋರಿನ್ ಇರುವ ಸೋಂಕುನಾಶಕ) ಹಾಕಿ ಹತ್ತು ನಿಮಿಷ ಕಾಯಬೇಕು. ಆ ಹತ್ತು ನಿಮಿಷ ತಡೆದುಕೊಳ್ಳುವುದೇ ಕಷ್ಟ, ಹಿಂದಿನಿಂದ ಯಾರಾದರೂ "ಬೇಗ, ಬೇಗ" ಅನ್ನುತ್ತಲೇ ಇರುತ್ತಾರೆ.

ಇದರ ಹಿಂದಿರುವುದನ್ನೆಲ್ಲ ನಾನು ಓದಿದ್ದೇನೆ. ಎಂಆರ್‌ಎಸ್‌ಎ ಎಂಬ, ಹಲವು ಆಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಒಣಗಿದ ಕಂಬಿಯ ಮೇಲೆ ತಿಂಗಳುಗಟ್ಟಲೆ ಬದುಕಬಲ್ಲದು. ಭೇದಿ ತರುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಬ್ಯಾಕ್ಟೀರಿಯಾದ ಬೀಜಕಗಳಿಗೆ ಆಲ್ಕೋಹಾಲ್ ತಾಗುವುದೇ ಇಲ್ಲ, ಕ್ಲೋರಿನ್‌ನಂಥದ್ದೇ ಬೇಕು. ಪರೀಕ್ಷೆಯಲ್ಲಿ ಇದನ್ನು ಎಷ್ಟೋ ಸಲ ಬರೆದೆ. ಆದರೆ ಕಂಬಿಯ ಕೆಳಭಾಗದಲ್ಲಿ, ಹೊರಗಿನಿಂದ ಕಾಣದ ಕಡೆ, ರೋಗಿಗಳು ಏಳುವಾಗ ಬೆರಳು ಸುತ್ತಿ ಹಿಡಿಯುತ್ತಾರೆ ಅನ್ನುವುದನ್ನು ನನಗೆ ತೋರಿಸಿಕೊಟ್ಟವರು ಅಕ್ಕ. ಕೊಳೆ ಅಲ್ಲೇ ಕೂರುತ್ತದೆ. ಇವತ್ತು ನಾನು ಬಿಟ್ಟು ತಿರುಗಿದ್ದು ಆ ಕೆಳಭಾಗವನ್ನೇ. ಅಕ್ಕ ಗಮನಿಸದೆ ಹೋಗಿದ್ದರೆ ನನ್ನ ನಾಚಿಕೆಯ ಬೆಲೆಯನ್ನು ಕೆಳಗೆ ಕಾಯುತ್ತಿದ್ದ ಆ ರೋಗಿ ತೆರಬೇಕಾಗಿತ್ತೋ ಏನೋ. ಇವತ್ತಿನ ದಿನದಲ್ಲಿ ನಾಚಿಕೆಪಡಬೇಕಾದ ಸಂಗತಿ ನಿಜವಾಗಿ ಅದೊಂದೇ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ವೃತ್ತಿಗಳ ಒಂದು ವರ್ಗೀಕರಣವಿದೆ, ಐಎಸ್‌ಸಿಒ-08 ಅಂತ. ಲೋಕದ ಕೆಲಸಗಳನ್ನೆಲ್ಲ ಹತ್ತು ದೊಡ್ಡ ಗುಂಪುಗಳಲ್ಲಿ ಹಂಚಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಮೈಕ್ರೋಬಯಾಲಜಿಸ್ಟ್ 2131ರೊಳಗೆ ಬರುತ್ತಾನೆ. ಆಸ್ಪತ್ರೆ ಶುಚಿ ಮಾಡುವವರು 9112. ಮೊದಲನೆಯದಕ್ಕೆ ಬೇಕಾದ ಕೌಶಲದ ಮಟ್ಟ ನಾಲ್ಕು, ಎರಡನೆಯದಕ್ಕೆ ಒಂದು. ಒಂಬತ್ತನೇ ಗುಂಪಿನ ಹೆಸರು "ಪ್ರಾಥಮಿಕ ವೃತ್ತಿಗಳು". ಇಬ್ಬರೂ ಕೆಲಸ ಮಾಡುವುದು ಅದೇ ಬ್ಯಾಕ್ಟೀರಿಯಾದ ಮೇಲೆ. ಅಂಕಿಅಂಶಕ್ಕೆ ಇಂಥ ಪಟ್ಟಿ ಬೇಕು, ಅದು ಗೊತ್ತಿದೆ. ಆದರೆ ಕಂಬಿಯ ಕೆಳಗೆ ಬೆರಳಾಡಿಸಿ ನೋಡುವ ಅಕ್ಕನ ತಿಳಿವಳಿಕೆಯನ್ನು ಒಂದನೇ ಮಟ್ಟ ಅಂತ ಒಪ್ಪಲು ನನಗೆ ಸಾಧ್ಯವಿಲ್ಲ.

"ಈಗಿನ ಹುಡುಗರಿಗೆ ಡಿಗ್ರಿ ಸಿಕ್ಕಿದ ಕೂಡಲೇ ಕೊಬ್ಬು, ಕೈ ಕೆಸರು ಮಾಡ್ಕೊಳ್ಳೋಕೆ ತಯಾರಿಲ್ಲ" ಅನ್ನುವ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಆ ಮಾತು ಅನ್ಯಾಯ. ನಮ್ಮ ಹಿಂಜರಿಕೆಯಲ್ಲಿ ನಾಚಿಕೆ ಇದೆ, ಅದನ್ನು ಮೇಲೆ ಬರೆದೆ. ಆದರೆ ಲೆಕ್ಕವೂ ಇದೆ, ಮತ್ತು ಆ ಲೆಕ್ಕ ತಪ್ಪಲ್ಲ. 2016ರಲ್ಲಿ ಫಾರ್ಬರ್, ಸಿಲ್ವರ್‌ಮನ್, ವಾನ್ ವಾಕ್ಟರ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ನಡೆಸಿದ ಒಂದು ಪ್ರಯೋಗ ಪ್ರಕಟವಾಯಿತು. ಪದವಿ ಓದಿದ ಮಹಿಳೆಯರ ಹೆಸರಿನಲ್ಲಿ ಕಾಲ್ಪನಿಕ ಅರ್ಜಿಗಳನ್ನು ತಯಾರಿಸಿ ಕಚೇರಿ ಕೆಲಸಗಳಿಗೆ ಕಳಿಸಿದರು. ಎಷ್ಟು ದಿನದಿಂದ ಕೆಲಸವಿಲ್ಲ ಅನ್ನುವುದರಿಂದ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಆದರೆ ನಡುವೆ ಓದಿಗಿಂತ ಕೆಳಗಿನ ಕೆಲಸ ಹಿಡಿದಿದ್ದೇನೆ ಅಂತ ತೋರಿಸಿದ ಅರ್ಜಿಗಳಿಗೆ ಕರೆ ಕಡಿಮೆ ಬಂತು. ಅಂದರೆ ಮನೆಯಲ್ಲಿ ಸುಮ್ಮನೆ ಕೂತವಳಿಗೆ ಸಿಗುವ ಅವಕಾಶವೂ ದುಡಿದವಳಿಗೆ ಸಿಗಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಯಾವ ಕೆಲಸವಾದರೇನು, ಮಾಡು" ಅಂತ ಬುದ್ಧಿ ಹೇಳುವವರೇ ನಾಳೆ ಆಯ್ಕೆ ಮಾಡುವ ಮೇಜಿನ ಆಚೆ ಕೂತಾಗ ಅದೇ ಕೆಲಸವನ್ನು ಕಳಂಕವಾಗಿ ಓದುತ್ತಾರೆ.

ಇನ್ನೊಂದು ಅಧ್ಯಯನ ಸ್ವಲ್ಪ ಧೈರ್ಯ ಕೊಡುತ್ತದೆ. ಕೆನಡಾದಲ್ಲಿ ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಪದವಿ ಮುಗಿಸಿದವರನ್ನು ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿದ್ದು. ಅವರ ಗಳಿಕೆ ಶುರುವಿನಲ್ಲಿ ಸುಮಾರು 9% ಕಡಿಮೆ ಇತ್ತು, ಐದು ವರ್ಷದಲ್ಲಿ ಆ ಅಂತರ ಅರ್ಧಕ್ಕಿಳಿಯಿತು, ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಮುಚ್ಚಿಹೋಯಿತು. ಆದರೆ ಹತ್ತು ವರ್ಷ. ಇಪ್ಪತ್ತನಾಲ್ಕರಲ್ಲಿ ಇರುವವರಿಗೆ ಅದು ಸಣ್ಣ ಅವಧಿಯಲ್ಲ.

2023ರಲ್ಲಿ ಚೀನಾದ ಯುವ ಪದವೀಧರರು ತಮ್ಮ ಪಾಡನ್ನು ಹೇಳಿಕೊಳ್ಳಲು ಅಲ್ಲಿನ ಲೇಖಕ ಲು ಶುನ್ 1919ರಲ್ಲಿ ಪ್ರಕಟಿಸಿದ ಕಥೆಯೊಂದರ ಪಾತ್ರವನ್ನು ನೆನೆದರು: ಕೋಂಗ್ ಯಿಜಿ. ಓದಿದವನು, ಬಡವ. ಓದಿದವರ ಉದ್ದ ನಿಲುವಂಗಿ ತೊಟ್ಟುಕೊಂಡೇ ಕೂಲಿಯವರ ಜೊತೆ ನಿಂತು ಕುಡಿಯುತ್ತಾನೆ. ಒಳಗೆ ಕೂರಲು ದುಡ್ಡಿಲ್ಲ, ಅಂಗಿ ಬಿಚ್ಚಲು ಮನಸ್ಸಿಲ್ಲ. ನಮ್ಮ ಡಿಗ್ರಿಯೇ ಬಿಚ್ಚಲಾಗದ ಆ ನಿಲುವಂಗಿ ಅಂತ ಅವರು ಬರೆದುಕೊಂಡರು. ಬಿಚ್ಚಿ ದುಡಿಯಿರಿ ಎಂದು ಸರ್ಕಾರಿ ಮಾಧ್ಯಮ ಬುದ್ಧಿ ಹೇಳಿದ್ದಕ್ಕೆ ಅವರಿಗೆ ಇನ್ನಷ್ಟು ಸಿಟ್ಟು ಬಂತು. ಆ ವರ್ಷ ಜೂನ್‌ನಲ್ಲಿ ಅಲ್ಲಿನ ನಗರಗಳಲ್ಲಿ 16ರಿಂದ 24 ವರ್ಷದವರ ನಿರುದ್ಯೋಗ 21.3% ಇತ್ತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ನಿಲುವಂಗಿ ನಾವೇ ಹೊಲಿಸಿಕೊಂಡದ್ದಲ್ಲ. ಹದಿನೇಳು ವರ್ಷ ಪ್ರತಿದಿನ ತೊಡಿಸಿದರು.

ಯಾರು ತೊಡಿಸಿದರು ಅಂತ ಯೋಚಿಸುವಾಗ ಎಂಟನೇ ಕ್ಲಾಸಿನ ಒಂದು ಮಧ್ಯಾಹ್ನ ನೆನಪಿಗೆ ಬರುತ್ತದೆ. ಟೆಸ್ಟ್‌ನಲ್ಲಿ ಕಡಿಮೆ ಅಂಕ ಬಂದವರನ್ನು ನಿಲ್ಲಿಸಿ ಟೀಚರ್, "ಓದ್ಲಿಲ್ಲ ಅಂದ್ರೆ ಮುಂದೆ ಕಸ ಗುಡಿಸ್ತೀರಾ" ಅಂದರು. ನಾನು ನಿಂತವರಲ್ಲಿ ಒಬ್ಬಳು. ಶಾಲೆಯ ಕಸ ಗುಡಿಸುವ ಆಯಾ ಆ ಹೊತ್ತಿನಲ್ಲಿ ಬಾಗಿಲ ಬಳಿ ಪೊರಕೆ ಹಿಡಿದು, ಕ್ಲಾಸು ಖಾಲಿಯಾಗಲಿ ಅಂತ ಕಾಯುತ್ತಿದ್ದರು. ಅವರ ಮುಖ ನೋಡಿದೆ. ಏನೂ ಕೇಳಿಸದವರ ಹಾಗೆ ನಿಂತಿದ್ದರು. ಆ ಮುಖ ನನಗೆ ಹೆದರಿಕೆ ಹುಟ್ಟಿಸಿತು, ಆಮೇಲೆ ಚೆನ್ನಾಗಿ ಓದಿದೆ. ನಾನು ಇವತ್ತಿಗೂ ಹೆದರುವುದು ಪೊರಕೆಗಲ್ಲ, ಪೊರಕೆ ಹಿಡಿದವರ ಎದುರಿಗೇ ಅಂಥ ಮಾತಾಡಬಹುದು ಅನ್ನುವುದಕ್ಕೆ. ಪದವೀಧರರು ಈ ಕೆಲಸಗಳಿಗೆ ಯಾಕೆ ಬರುವುದಿಲ್ಲ ಅಂತ ಕೇಳುವವರು ಮೊದಲು ಈ ಕೆಲಸದವರನ್ನು ತಾವು ಹೇಗೆ ಕರೆಯುತ್ತೇವೆ ಅಂತ ಒಂದು ದಿನ ಗಮನಿಸಲಿ. ಬರದವರಿಗೆ ಅದು ಚೆನ್ನಾಗಿ ಗೊತ್ತಿದೆ. ನನಗೂ ಗೊತ್ತಿತ್ತು, ಯಾಕೆಂದರೆ ಹಾಗೆ ಕರೆದವರಲ್ಲಿ ನಾನೂ ಇದ್ದೆ. ಹಾಸ್ಟೆಲಿನಲ್ಲಿ ನಮ್ಮ ರೂಮು ಗುಡಿಸುತ್ತಿದ್ದವರ ಹೆಸರನ್ನು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.

ಕಳೆದ ತಿಂಗಳು ಒಬ್ಬ ಗೆಳೆಯ ಒಂದು ಲೇಖನ ಕಳಿಸಿದ್ದ. ಆಸ್ಪತ್ರೆಯ ಶುಚಿ ಕೆಲಸದವರಲ್ಲಿ ಕೆಲವರು ತಮ್ಮನ್ನು ರೋಗಿಯ ಆರೈಕೆಯ ಭಾಗವೆಂದೇ ಭಾವಿಸಿ ಕೆಲಸಕ್ಕೆ ಅರ್ಥ ಕೊಟ್ಟುಕೊಳ್ಳುತ್ತಾರೆ ಎಂಬ ಅಧ್ಯಯನದ ಬಗ್ಗೆ. ವ್ರೆಸ್ನೆವ್ಸ್ಕಿ ಮತ್ತು ಡಟನ್ 2001ರಲ್ಲಿ ಬರೆದದ್ದು. ಅದು ಸುಳ್ಳಲ್ಲ, ಅಕ್ಕನಲ್ಲಿ ಕಣ್ಣಾರೆ ಕಂಡಿದ್ದೇನೆ. ಮಾತಾಡಲು ಯಾರೂ ಬಾರದ ಬೆಡ್ಡಿನ ಹತ್ತಿರ ಅವರು ಬೇಕೆಂದೇ ನಿಧಾನವಾಗಿ ಒರೆಸುತ್ತಾರೆ. ಆದರೆ ಅದನ್ನು ಹಿಡಿದುಕೊಂಡು "ನೋಡು, ಅರ್ಥ ನಿನ್ನ ಮನಸ್ಸಿನಲ್ಲೇ ಇದೆ" ಎಂದು ಕಡಿಮೆ ಸಂಬಳವನ್ನೂ ರಜೆಯಿಲ್ಲದ ತಿಂಗಳುಗಳನ್ನೂ ಮುಚ್ಚಿಹಾಕುವುದನ್ನು ನಾನು ಒಪ್ಪುವುದಿಲ್ಲ. "ಕಾಯಕವೇ ಕೈಲಾಸ" ಅನ್ನುವ ಮಾತನ್ನೂ ಹಾಗೇ ಬಳಸುತ್ತಾರೆ, ತಮ್ಮ ಮಕ್ಕಳಿಗೆ ಮಾತ್ರ ಬೇರೆ ಕಾಯಕ ಹುಡುಕುವವರು.

ಅಕ್ಕನೂ ಮಗಳಿಗೆ ಬೇರೆಯದನ್ನೇ ಹುಡುಕುತ್ತಿದ್ದಾರೆ. ಮಧ್ಯಾಹ್ನ ನಾನು ಸುಮ್ಮನೆ ಕೂತಿದ್ದನ್ನು ನೋಡಿ ಅವರೇ ಮಾತು ತೆಗೆದರು. "ನೀನು ನಾಚಿಕೊಂಡೆ ಅಂತ ನಂಗೆ ಬೇಜಾರಿಲ್ಲ ಕಣೆ. ಇದು ಬೇಡ ಅಂತಾನೇ ಮಗಳನ್ನ ಬಿಎಸ್ಸಿಗೆ ಹಾಕಿರೋದು. ನಾನೇ ಬೇಡ ಅನ್ನೋ ಕೆಲಸಾನ ನೀನು ಬೇಕು ಅನ್ಬೇಕು ಅಂದ್ರೆ ಹೆಂಗೆ? ಬೇಜಾರಾಗಿದ್ದು, ನೀನು ಕಂಬಿ ಹಂಗೇ ಬಿಟ್ಟಿದ್ದು."

"ತಪ್ಪಾಯ್ತು ಅಕ್ಕ" ಅಂದೆ. ಈ ಸಲ ಏನು ಹೇಳಬೇಕು ಅಂತ ಗೊತ್ತಿತ್ತು.

ಏಳುವ ಮುಂಚೆ ಕೇಳಿದರು, "ನಿನ್ನ ಹಳೇ ನೋಟ್ಸ್ ಇದ್ಯಾ? ಅವಳಿಗೂ ಮೈಕ್ರೋಬಯಾಲಜಿನೇ."

ಮನೆಗೆ ಬಂದು ಒಂದು ಡಯಾಗ್ನೋಸ್ಟಿಕ್ ಲ್ಯಾಬಿನ ಅರ್ಜಿ ತೆರೆದೆ, ಶುಕ್ರವಾರ ಕೊನೆಯ ದಿನ. "ಈಗಿನ ಉದ್ಯೋಗ" ಅನ್ನುವ ಜಾಗವನ್ನು ಇದುವರೆಗಿನ ಏಳು ಅರ್ಜಿಗಳಲ್ಲಿ ಖಾಲಿ ಬಿಟ್ಟಿದ್ದೆ. ಇವತ್ತು "ಆಸ್ಪತ್ರೆಯಲ್ಲಿ ಕೆಲಸ" ಅಂತ ಬರೆದು ಅಳಿಸಿದೆ. ಆಮೇಲೆ "ಹೌಸ್‌ಕೀಪಿಂಗ್, ಒಳರೋಗಿ ವಾರ್ಡ್, ಐದು ತಿಂಗಳು" ಅಂತ ಬರೆದಿದ್ದೇನೆ. ಅದನ್ನು ಬರೆದರೆ ಕರೆ ಬರುವ ಸಾಧ್ಯತೆ ಕಡಿಮೆಯಾಗುತ್ತದೆ ಅಂತ ಗೊತ್ತು. ಇನ್ನೂ ಕಳಿಸಿಲ್ಲ. ನಾಳೆ ಇನ್ನೊಂದು ಸಲ ನೋಡುತ್ತೇನೆ.

ನೋಟ್ಸ್ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು. ನಾಲ್ಕು ಪುಸ್ತಕ. ಸೋಂಕುನಾಶಕಗಳ ಅಧ್ಯಾಯದಲ್ಲಿ, "ಸಂಪರ್ಕ ಸಮಯ" ಅಂತ ಬರೆದ ಕಡೆ, ಪೆನ್ಸಿಲಿನಲ್ಲಿ ಎರಡು ಸಾಲು ಸೇರಿಸಿದೆ: ಹತ್ತು ನಿಮಿಷ ಕಾಯಬೇಕು, ಯಾರು ಅವಸರ ಮಾಡಿದರೂ. ಕಂಬಿಯ ಕೆಳಭಾಗ ಮರೆಯಬಾರದು. ಯೂನಿಫಾರ್ಮಿನ ಜೊತೆ ಬ್ಯಾಗಿಗೆ ಹಾಕಿಟ್ಟಿದ್ದೇನೆ. ನಾಳೆ ಆರಕ್ಕೆ ಶಿಫ್ಟ್.