ಮೇಷ್ಟ್ರು ಎಳೆಸುತ್ತಿದ್ದ ಗೆರೆ

ಮೇಷ್ಟ್ರು ತೀರಿಕೊಂಡ ಸುದ್ದಿ ಬಂದಾಗ ಮೊದಲು ಕಣ್ಣಿಗೆ ಕಟ್ಟಿದ್ದು ಶ್ರವಣಬೆಳಗೊಳದ ಚಿಕ್ಕಬೆಟ್ಟ. ಕಾದ ಬಂಡೆಯ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೆಸುತ್ತಿದ್ದರು. ಎಡಕ್ಕೆ ಧರ್ಮ ಅಧ್ಯಯನ, ಅಂದರೆ ಧರ್ಮದ ಹೊರಗೆ ನಿಂತು ಯಾರು, ಯಾವಾಗ, ಏನು ಮಾಡಿದರು ಎಂದು ನೋಡುವುದು. ಬಲಕ್ಕೆ ಸಿದ್ಧಾಂತ. ಬಲಗಡೆಗೆ 'ದೈವಶಾಸ್ತ್ರ' ಎಂದು ಬರೆಯಗೊಡುತ್ತಿರಲಿಲ್ಲ. ಜೈನರು ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ, ಹೆಸರು ಹೊಂದದು. ಕೆಲಸವೇನೋ ಅದೇ: ಧರ್ಮದ ಒಳಗೆ ನಿಂತು ಯಾವುದು ಸತ್ಯ, ಯಾವುದನ್ನು ಆಚರಿಸಬೇಕು ಎಂದು ವಿಚಾರಿಸುವುದು.

ಅಲ್ಲಿಯ ಅತ್ಯಂತ ಹಳೆಯ ಶಾಸನ ಸುಮಾರು ಕ್ರಿ.ಶ. 600ರದು. ಉಜ್ಜಯಿನಿಯಲ್ಲಿ ಜೈನ ಗುರು ಭದ್ರಬಾಹು 12 ವರ್ಷದ ಕ್ಷಾಮವನ್ನು ಮುನ್ನುಡಿದದ್ದು, ಜೈನ ಸಂಘ ದಕ್ಷಿಣಕ್ಕೆ ಬಂದದ್ದು, ಪ್ರಭಾಚಂದ್ರ ಎಂಬ ಆಚಾರ್ಯರು ಇಲ್ಲಿ ಸಮಾಧಿ ಹೊಂದಿದ್ದು ಅದರಲ್ಲಿದೆ. ಪ್ರಭಾಚಂದ್ರರೇ ಮೌರ್ಯ ಚಂದ್ರಗುಪ್ತ ಎಂಬುದು ಪರಂಪರೆಯ ಮಾತು, ಆ ಕಲ್ಲಿನದಲ್ಲ. ಅದನ್ನು ಎಡಗಡೆ ಬರೆದವರ ಸಾಲಿಗೆ ಮೇಷ್ಟ್ರು ಅಡ್ಡಗೀಟು ಹಾಕುತ್ತಿದ್ದರು. ಮೌರ್ಯರ ಕಾಲಕ್ಕೂ ಆ ಕಲ್ಲಿಗೂ ನಡುವೆ ಸುಮಾರು 900 ವರ್ಷ!

ಇದಕ್ಕಿಂತ ದೊಡ್ಡ ತಪ್ಪು ಸಲ್ಲೇಖನದಲ್ಲಾಗುತ್ತಿತ್ತು, ಆಹಾರ ಬಿಡುತ್ತಾ ದೇಹ ತ್ಯಜಿಸುವ ಜೈನ ವ್ರತದಲ್ಲಿ. ಹಾಗೆ ದೇಹ ಬಿಟ್ಟವರ ನೆನಪಿಗೆ ಬೆಟ್ಟದಲ್ಲಿರುವ ನಿಸಿಧಿ ಶಾಸನಗಳನ್ನು ಎಣಿಸಿ, ಹೆಚ್ಚಿನವು 7–8ನೆಯ ಶತಮಾನದವೆಂದು ಗುರುತಿಸಿ, ಎದುರಿಗೆ 'ಆತ್ಮಹತ್ಯೆ' ಎಂದು ಬರೆದುಬಿಡುವುದು. ಆಗ ಜೈನ ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಎಂಬ ಗ್ರಂಥ ತೆಗೆಸುತ್ತಿದ್ದರು. ಪರಿಹಾರವೇ ಇಲ್ಲದ ಉಪಸರ್ಗ (ವಿಪತ್ತು), ಕ್ಷಾಮ, ಮುಪ್ಪು, ರೋಗ ಬಂದಾಗ ಧರ್ಮಕ್ಕಾಗಿ ದೇಹ ಬಿಡುವುದು ಸಲ್ಲೇಖನ. ಅದಕ್ಕೆ ಐದು ಅತಿಚಾರ, ಅಂದರೆ ವ್ರತವನ್ನು ಕೆಡಿಸುವ ದೋಷ: ಬದುಕುವ ಆಸೆ, ಸಾಯುವ ಆಸೆ, ಭಯ, ಗೆಳೆಯರ ನೆನಪು, ಮುಂದಿನ ಭೋಗದ ಬಯಕೆ. ಸಾಯುವ ಆಸೆಯೇ ದೋಷವೆನ್ನುವ ವ್ರತವನ್ನು ಬಲಗಡೆ ಓದದೆ ಎಡಗಡೆ ಹೆಸರಿಸಬಾರದು. ಬಲಗಡೆಯನ್ನಷ್ಟೇ ಓದಿದವರಿಗೆ ಎಲ್ಲ ನಿಸಿಧಿಗಳೂ ಒಂದೇ. ಯಾರು ನಿಲ್ಲಿಸಿದರು, ಯಾವ ಶತಮಾನದಲ್ಲಿ ಹೆಚ್ಚಿದವು ಎಂಬ ಪ್ರಶ್ನೆಯೇ ಏಳುವುದಿಲ್ಲ.

2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಅಪರಾಧವೆಂದಿತು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಅಂದಿನ ಚರ್ಚೆಯನ್ನು ನಮ್ಮ ಬ್ಯಾಚಿನವರು ಎರಡೂ ಕಡೆಯಿಂದ ಓದಬಲ್ಲವರಾಗಿದ್ದೆವು, ಹೆಮ್ಮೆಯಿಂದಲೇ ಹೇಳುತ್ತೇನೆ. ಈಗಿನ ಮಕ್ಕಳಿಗೆ ಸಿಗುವುದು ಪರದೆಯ ಮೇಲಿನ ಹತ್ತು ಸಾಲು. ಅದರಲ್ಲಿ ಶಾಸನವೂ ಪುರಾಣವೂ ಸಿದ್ಧಾಂತವೂ ಒಂದೇ ಬಣ್ಣದ ಅಕ್ಷರದಲ್ಲಿರುತ್ತವೆ. ಇದು ನನಗೆ ನಿಜವಾಗಿ ನೋವಿನ ವಿಷಯ.

ಪುಟದ ಅಡಿಯಲ್ಲಿ ಮೂರು ಸಾಲು ಖಾಲಿ ಬಿಡಿಸುತ್ತಿದ್ದರು. ಎಡ ಬಲ ಹೊಂದದ ಕಡೆ ನಮಗೆ ತೋಚಿದ್ದನ್ನು ಬರೆಯಲು. ಅಲ್ಲಿ ಪೆನ್ಸಿಲ್ ಮಾತ್ರ.