ಮನೆ ಹತ್ತಿರದ ರಸ್ತೆ ಹಿಡಿದು ಶ್ರೀನಗರಕ್ಕೆ

ಊರಿಗೆ ಬಂದಾಗಿನಿಂದ ಎಲ್ಲರೂ ಕೇಳುವುದು ಒಂದೇ, ಬೆಟ್ಟ ಹೇಗಿತ್ತು ಅಂತ. ಚೆನ್ನಾಗಿತ್ತು. ಆದರೆ ನನಗೆ ಹೇಳಬೇಕು ಅನಿಸುತ್ತಿರುವುದು ಬಯಲಿನ ಬಗ್ಗೆ. ಚಿಕ್ಕಬಳ್ಳಾಪುರದಿಂದ ಶ್ರೀನಗರಕ್ಕೆ ನಾವಿಬ್ಬರೂ ಬೈಕಿನಲ್ಲಿ ಹೋದದ್ದು ಸುಮಾರು 2,900 ಕಿಲೋಮೀಟರ್. ಅದರಲ್ಲಿ ದೊಡ್ಡ ಬೆಟ್ಟಗಳ ದಾರಿ ಜಮ್ಮು ದಾಟಿದ ಮೇಲಿನ 250 ಚಿಲ್ಲರೆ ಕಿಲೋಮೀಟರ್ ಮಾತ್ರ. ಉಳಿದದ್ದೆಲ್ಲ ಹೆಚ್ಚುಕಡಿಮೆ ಬಯಲೇ.

ನಮ್ಮೂರ ಪಕ್ಕದಲ್ಲೇ ಹೋಗುವ ಹೆದ್ದಾರಿ 44ರ ಒಂದು ತುದಿ ಕನ್ಯಾಕುಮಾರಿ, ಇನ್ನೊಂದು ಶ್ರೀನಗರ. ಹದಿನೆಂಟು ವರ್ಷದಿಂದ ಅದನ್ನು ದಾಟಿಕೊಂಡೇ ತೋಟಕ್ಕೆ ಹೋಗುತ್ತಿದ್ದೇವೆ. ನಮ್ಮದು ರೇಷ್ಮೆ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಒಂದು ರಾತ್ರಿ ಕೂಡ ಮನೆ ಬಿಡುವಂತಿಲ್ಲ, ಹಾಗಾಗಿ ಮದುವೆಯಾದ ಮೇಲೆ ಇಬ್ಬರೂ ಒಟ್ಟಿಗೆ ತಿರುಪತಿಗಿಂತ ದೂರ ಹೋಗಿಯೇ ಇರಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಶಿಡ್ಲಘಟ್ಟದಲ್ಲಿ ಗೂಡು ಮಾರಿದೆವು. ತೋಟ ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಬನ್ನಿ ಅಂದ ಮೈದುನ. ಮುಂದಿನ ಚಾಕಿ, ಅಂದರೆ ಮರಿ ಹುಳ, ತರುವುದಕ್ಕೆ ಇನ್ನೂ ಒಂದು ತಿಂಗಳಿತ್ತು. ಹೊರಟೇ ಬಿಟ್ಟೆವು. ಹಳೆಯ 150 ಸಿಸಿ ಬೈಕು, ಎರಡು ಬ್ಯಾಗು, ಒಂದು ಟಾರ್ಪಾಲು.

ಮೊದಲ ಮೂರು ದಿನ ಪರಊರು ಅಂತಲೇ ಅನಿಸಲಿಲ್ಲ. ಬಾಗೇಪಲ್ಲಿ ದಾಟಿದರೆ ಆಂಧ್ರ, ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತೇ ತೆಲುಗು ಅಲ್ವಾ, ಹಾಗಾಗಿ ಅನಂತಪುರ, ಕರ್ನೂಲು, ಹೈದರಾಬಾದು, ಕೊನೆಗೆ ಆದಿಲಾಬಾದಿನವರೆಗೂ ಟೀ ಅಂಗಡಿಯವರ ಹತ್ತಿರ ಮಳೆ ಬೆಳೆ ಎಲ್ಲ ಮಾತಾಡಿಕೊಂಡೇ ಹೋದೆವು. ಪೆನ್‌ಗಂಗಾ ನದಿಯ ಸೇತುವೆ ದಾಟಿದ ಮೇಲೆ ಮರಾಠಿ ಶುರುವಾಯಿತು. ಕೆಂಪು ಮಣ್ಣು ಎಲ್ಲೋ ಹಿಂದೆಯೇ ಮುಗಿದಿತ್ತು. ಎರಡೂ ಕಡೆ ಕಪ್ಪು ನೆಲ, ಕಣ್ಣು ಹಾಯುವಷ್ಟು ದೂರ ಹತ್ತಿ.

ಬಯಲಲ್ಲಿ ಬೈಕು ಓಡಿಸುವುದು ಸುಲಭ ಅಂದುಕೊಂಡಿದ್ದೆ. ಅಲ್ಲ. ಬೆಟ್ಟದಲ್ಲಿ ತಿರುವಿನ ಮೇಲೆ ತಿರುವು, ನಿದ್ದೆ ಹತ್ತಿರವೂ ಸುಳಿಯುವುದಿಲ್ಲ. ನೇರ ರಸ್ತೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಬಿಸಿಲಿಗೆ, ಊಟ ಆದ ಮೇಲೆ, ಅದು ಯಾವಾಗ ಬಂದು ಕಣ್ಣಲ್ಲಿ ಕೂರುತ್ತದೋ ಓಡಿಸುವವರಿಗೇ ತಿಳಿಯುವುದಿಲ್ಲ. ಹಿಂದೆ ಕೂತ ನನಗೆ ಮೊದಲು ತಿಳಿಯುತ್ತಿತ್ತು, ನಮ್ಮೆಜಮಾನರ ಹೆಲ್ಮೆಟ್ಟು ಒಂಚೂರು ಬಲಕ್ಕೆ ವಾಲುತ್ತಿತ್ತು. ಗಾಳಿಯಲ್ಲಿ ಮಾತು ಕೇಳಿಸುವುದಿಲ್ಲ ಅಂತ ನಾವು ಹೊರಡುವಾಗಲೇ ಒಂದು ಗುರುತು ಮಾಡಿಕೊಂಡಿದ್ದೆವು. ಭುಜ ಒಂದು ಸಲ ತಟ್ಟಿದರೆ ನಿಧಾನ. ಎರಡು ಸಲ ತಟ್ಟಿದರೆ ಟೀ. ಒತ್ತಿ ಹಿಡಿದರೆ ಈಗಲೇ ನಿಲ್ಲಿಸಬೇಕು.

ಹಿಂಗಣಘಾಟ್ ದಾಟಿದ ಮೇಲೆ ನಾನು ಒತ್ತಿ ಹಿಡಿದೆ. ಅವರು ನಿಲ್ಲಿಸಲಿಲ್ಲ. ಮತ್ತೆ ಹಿಡಿದೆ. ಬೈಕು ಮೆಲ್ಲಗೆ ಬಲಕ್ಕೆ ಸರಿಯಿತು, ಹಿಂದಿನಿಂದ ಬಂದ ಲಾರಿ ಹಾರ್ನ್ ಹೊಡೆದುಕೊಂಡು ಮೊಣಕೈ ಪಕ್ಕದಲ್ಲೇ ಹೋಯಿತು. ಪಕ್ಕಕ್ಕೆ ಹಾಕಿ ನಿಲ್ಲಿಸಿದಾಗ ನನ್ನ ಕೈ ನಡುಗುತ್ತಿತ್ತು. "ಯಾಕ್ರೀ ನಿಲ್ಲಿಸಲಿಲ್ಲ?" ಅಂದೆ. "ಇನ್ನೊಂದು ಹತ್ತು ಕಿಲೋಮೀಟರ್ ಹೋಗಿ ನಿಲ್ಲಿಸೋಣ ಅಂತಿದ್ದೆ" ಅಂದರು. ನಾಗಪುರ ಸೇರುವವರೆಗೂ ನಾನು ಮಾತಾಡಲಿಲ್ಲ. ರಾತ್ರಿ ಲಾಡ್ಜಿನಲ್ಲೂ ಇಲ್ಲ.

ಬೆಳಿಗ್ಗೆ ಅಂಗಡಿಯ ಮುಂದೆ ತರ್ರಿ ಪೋಹ ತಿನ್ನುತ್ತಿದ್ದೆವು, ಅವಲಕ್ಕಿಯ ಮೇಲೆ ಖಾರದ ರಸ ಸುರಿದು ಕೊಡುತ್ತಾರೆ, ಬಾಯಿ ಉರಿಯುತ್ತದೆ ಆದರೂ ಬಿಡಲಾಗುವುದಿಲ್ಲ. ಅವರು ತಟ್ಟೆ ಕೆಳಗಿಟ್ಟು ಕೀ ನನ್ನ ಕೈಗೆ ಕೊಟ್ಟರು. "ಬೆಳಿಗ್ಗೆ ಹೊತ್ತು ನೀನೇ ಓಡಿಸು. ನಿನ್ನೆ ತಪ್ಪು ನನ್ನದೇ." ಇಷ್ಟು ವರ್ಷದಲ್ಲಿ ಅವರ ಬಾಯಲ್ಲಿ ಆ ಮಾತು ಕೇಳಿದ್ದು ಕಡಿಮೆ. ನಾನು ತೋಟಕ್ಕೆ ಬೈಕು ಓಡಿಸಿ ಬಲ್ಲೆ, ಹೆದ್ದಾರಿಯಲ್ಲಿ ಅದೇ ಮೊದಲು. ಪೆಂಚ್ ಕಾಡು ಬಂದಾಗ ನಾನೇ ಓಡಿಸುತ್ತಿದ್ದೆ. ಅಲ್ಲಿ ಪ್ರಾಣಿಗಳು ಕೆಳಗೆ ಓಡಾಡಲಿ ಅಂತ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ, ಶಬ್ದ ಕಾಡಿಗೆ ಕೇಳದಂತೆ ಬದಿಗೆ ಗೋಡೆಯೂ ಇದೆ. ನಾವು ಮೇಲೆ, ಹುಲಿ ಕೆಳಗೆ! ಅವತ್ತಿನಿಂದ ದಿನಾ ಊಟದವರೆಗೆ ನಾನು, ಟೀ ಆದ ಮೇಲೆ ಅವರು. ಊಟಕ್ಕೂ ಟೀಗೂ ನಡುವೆ ಮರದ ಕೆಳಗೆ ಟಾರ್ಪಾಲು ಹಾಸಿ ಮಲಗುತ್ತಿದ್ದೆವು. ಸಾಗರ, ಝಾನ್ಸಿ, ಗ್ವಾಲಿಯರ್, ಆಗ್ರಾ ಎಲ್ಲ ಹೀಗೇ ದಾಟಿದವು.

ಜಮ್ಮುವಿನ ಗಡಿ ದಾಟಿದ ಕೂಡಲೇ ಎರಡೂ ಫೋನು ನಿಂತವು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಹೋಗುವವರು ಮೊದಲೇ ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ. ರಾಂಬನ್ ಹತ್ತಿರ ಕಲ್ಲು ಮಣ್ಣು ಕುಸಿದು ಐದು ಗಂಟೆ ಕಾದೆವು, ಕೆಳಗೆ ಚೆನಾಬ್ ಹರಿಯುತ್ತಿತ್ತು. ಬನಿಹಾಲಿನ ಉದ್ದ ಸುರಂಗದಿಂದ ಆಚೆ ಬಂದರೆ ಎದುರಿಗೆ ಭತ್ತದ ಗದ್ದೆ, ಕುಯ್ಲು ನಡೀತಾ ಇದೆ! ದಾರಿ ಪಕ್ಕ ಕ್ರಿಕೆಟ್ ಬ್ಯಾಟಿಗೆ ಸೀಳಿದ ಮರವನ್ನು ಗೋಪುರದ ಹಾಗೆ ಜೋಡಿಸಿ ಒಣಗಿಸಿದ್ದರು. ಒಂದು ವಿಷಯ ನನಗೆ ಈಗಲೂ ಆಶ್ಚರ್ಯ. ನಮ್ಮ ನಂದಿ ಬೆಟ್ಟದ ತುದಿ 1,478 ಮೀಟರ್ ಎತ್ತರ, ಶ್ರೀನಗರ ಸುಮಾರು 1,585. ಬರೀ ನೂರು ಮೀಟರ್ ಜಾಸ್ತಿ.

ಚಾಕಿಯ ದಿನ ಹತ್ತಿರ ಬಂತು ಅಂತ ವಾಪಸ್ ಬರುವಾಗ ಬೈಕನ್ನು ಜಮ್ಮುವಿನಲ್ಲಿ ರೈಲಿಗೆ ಹಾಕಿದೆವು. ಕಿಟಕಿಯಲ್ಲಿ ಅದೇ ಬಯಲು ಬೇಗ ಬೇಗ ಹೋಗುತ್ತಿದ್ದರೆ ನನಗೆ ಬೇಜಾರಾಯಿತು.

ಮೊನ್ನೆ ಬೆಳಿಗ್ಗೆ ಸೊಪ್ಪು ಕಡಿಯಲು ಹೊರಟಿದ್ದೆವು, ನಾನು ಓಡಿಸುತ್ತಿದ್ದೆ. ಹೆದ್ದಾರಿ ದಾಟಲು ನಿಂತಾಗ ಬೆಂಗಳೂರಿನ ಕಡೆಗೆ ಸೇಬಿನ ಲಾರಿ ಹೋಯಿತು, ಜೆಕೆ ನಂಬರು. ಅದು ಕಣ್ಮರೆಯಾಗುವವರೆಗೂ ಇಬ್ಬರೂ ನೋಡುತ್ತಾ ನಿಂತೆವು. ಆಮೇಲೆ ಹಿಂದಿನಿಂದ ಅವರು ನನ್ನ ಭುಜವನ್ನು ಎರಡು ಸಲ ತಟ್ಟಿದರು.